ರಾಜಭವನದ ಮೌನ

"ಮೌನಂ ಸಮ್ಮತಿಲಕ್ಷಣಂ" ಎಂಬ ಹಿರಿಯರ ಮಾತನ್ನು ಅರಿಯದವರಿಲ್ಲ. ಊರ ಪಂಚರ ಮುಂದಾಗಲಿ, ಮದುವೆಯ ಮಾತುಕತೆಯಲ್ಲಾಗಲಿ, ಕೇಳಿದ ಮಾತಿಗೆ ಎದುರಾಡದೆ ಸುಮ್ಮನೆ ಕುಳಿತವನು ಒಪ್ಪಿದನೆಂದೇ ಲೋಕವು ತಿಳಿಯುವದು. ಆದರೆ ನಮ್ಮ ರಾಜ್ಯಾಡಳಿತದಲ್ಲಿ ಈ ನುಡಿಯು ತಲೆಕೆಳಗಾಗುವ ಸ್ಥಳವೊಂದುಂಟು, ಅದು ರಾಜಭವನ. ಪ್ರಜಾಪ್ರತಿನಿಧಿಗಳು ಚರ್ಚಿಸಿ ಒಪ್ಪಿದ ಮಸೂದೆಯು ರಾಜ್ಯಪಾಲರ ಮೇಜನ್ನು ಸೇರಿದ ಬಳಿಕ ಅವರು ಅಂಕಿತವನ್ನೂ ಹಾಕದೆ, ತಿರುಗಿಯೂ ಕಳುಹದೆ, ಕಾರಣವನ್ನೂ ಹೇಳದೆ ಇದ್ದುಬಿಟ್ಟರೆ ಆ ಮೌನವೇ ನಿರಾಕರಣೆಯಾಗಿ ಪರಿಣಮಿಸುವದು. ಈ ಮೌನಕ್ಕೆ ಮಿತಿಯುಂಟೆ, ಉಂಟಾದರೆ ಅದನ್ನು ಹಾಕುವವರಾರು ಎಂಬ ಪ್ರಶ್ನೆಯು 2025ರಲ್ಲಿ ಎರಡು ಸಲ ಸರ್ವೋಚ್ಚ ನ್ಯಾಯಾಲಯದಲ್ಲಿ ಇತ್ಯರ್ಥಕ್ಕೆ ಬಂದು, ಏಪ್ರಿಲ್ 8ರಂದು ಒಂದು ಬಗೆಯ ಉತ್ತರವನ್ನೂ ನವೆಂಬರ್ 20ರಂದು ಇನ್ನೊಂದು ಬಗೆಯ ಉತ್ತರವನ್ನೂ ಪಡೆಯಿತು. ಇದು ವಕೀಲರಿಗೆ ಮಾತ್ರ ಸಂಬಂಧಿಸಿದ ಸೂಕ್ಷ್ಮವೆಂದು ವಾಚಕರು ತಿಳಿಯಬಾರದು. ನಾವು ಕೊಟ್ಟ ಮತಕ್ಕೆ ಎಷ್ಟು ಬೆಲೆಯುಂಟೆಂಬದೇ ಇಲ್ಲಿಯ ಪ್ರಶ್ನೆಯಾಗಿದೆ.

ಶಾಸನಸಭೆಯು ಒಪ್ಪಿದ ಮಾತ್ರಕ್ಕೆ ಯಾವ ಮಸೂದೆಯೂ ಕಾಯಿದೆಯಾಗುವದಿಲ್ಲ. ಪಾರ್ಲಿಮೆಂಟಿನ ಮಸೂದೆಯಾದರೆ ನಮ್ಮ ರಾಜ್ಯಘಟನೆಯ 111ನೆಯ ಕಲಮಿನ ಪ್ರಕಾರ ರಾಷ್ಟ್ರಪತಿಗಳೂ, ರಾಜ್ಯದ ಮಸೂದೆಯಾದರೆ 200ನೆಯ ಕಲಮಿನ ಪ್ರಕಾರ ರಾಜ್ಯಪಾಲರೂ ಅದಕ್ಕೆ ಅಂಕಿತ ಹಾಕಬೇಕು. ಆ ಅಂಕಿತದಿಂದಲೇ ಕಾಗದಕ್ಕೆ ಜೀವ ಬರುವದು. ಕನ್ನಡಿಗರು ಇದನ್ನು ಬಲ್ಲರು. ಹರಿದು ಹಂಚಿಹೋಗಿದ್ದ ನಾಡು 1956ರ ನವೆಂಬರ್ 1ರಂದು ಒಂದಾದುದು ಯಾವ ಕಾಯಿದೆಯಿಂದಲೋ, ಆ ರಾಜ್ಯಪುನರ್ವಿಂಗಡಣೆಯ ಕಾಯಿದೆಯು ಕಾಯಿದೆಯಾದದ್ದು ಅದೇ ವರ್ಷದ ಆಗಸ್ಟ್ 31ರಂದು, ರಾಷ್ಟ್ರಪತಿ ಬಾಬು ರಾಜೇಂದ್ರಪ್ರಸಾದರ ಅಂಕಿತ ಬಿದ್ದಾಗ. ಇಷ್ಟು ದೊಡ್ಡ ಕಾರ್ಯವನ್ನು ನೆರವೇರಿಸುವ ಲೇಖನಿಯು ಬರೆಯದೆ ನಿಂತರೆ ಆಗುವ ಹಾನಿಯೂ ಅಷ್ಟೇ ದೊಡ್ಡದೆಂದು ಬೇರೆ ಹೇಳಬೇಕಾಗಿಲ್ಲ.

ಈ ಅಧಿಕಾರದ ಮೂಲವು ಅರಸೊತ್ತಿಗೆಯಲ್ಲಿದೆ. ಇಂಗ್ಲಂಡದಲ್ಲಿ ಹಿಂದೆ ಅರಸನ ಇಚ್ಛೆಯೇ ಕಾಯಿದೆಯಾಗಿತ್ತು. ಪ್ರಜೆಗಳ ಸಭೆಯು ಬೇಡುವದು, ಅರಸನು ಕೊಡುವದು ಅಥವಾ ಬಿಡುವದು. ಕ್ರಮೇಣ ಬೇಡುವವರೇ ಆಳುವವರಾದರು. 1708ರಲ್ಲಿ ಆನ್ ರಾಣಿಯು ಸ್ಕಾಟ್ಲಂಡದ ದಂಡಿಗೆ ಸಂಬಂಧಿಸಿದ ಮಸೂದೆಯೊಂದಕ್ಕೆ ಸಮ್ಮತಿಯನ್ನು ನಿರಾಕರಿಸಿದಳು, ಅದೂ ತನ್ನ ಮಂತ್ರಿಗಳ ಸಲಹೆಯಂತೆ. ಆ ಮೇಲೆ ಮುನ್ನೂರು ವರ್ಷಗಳಿಗೂ ಮಿಕ್ಕಿ ಆ ದೇಶದಲ್ಲಿ ಯಾವ ಅರಸನೂ, ಯಾವ ರಾಣಿಯೂ ಪಾರ್ಲಿಮೆಂಟು ಒಪ್ಪಿದ ಮಸೂದೆಗೆ ಇಲ್ಲವೆಂದಿಲ್ಲ. ಅಧಿಕಾರವು ಪುಸ್ತಕದಲ್ಲಿ ಉಳಿಯಿತು, ಬಳಕೆಯಲ್ಲಿ ಅಳಿಯಿತು.

ಆದರೆ ಅದೇ ಇಂಗ್ಲಂಡವು ತನ್ನ ಮನೆಯಲ್ಲಿ ಅಳಿಸಿದ ಅಧಿಕಾರವನ್ನು ಹಿಂದುಸ್ಥಾನದಲ್ಲಿ ಹರಿತವಾಗಿಯೇ ಇಟ್ಟುಕೊಂಡಿತ್ತು. 1935ರ ಹಿಂದುಸ್ಥಾನ ಸರಕಾರದ ಕಾಯಿದೆಯ 75ನೆಯ ಕಲಮು, ಪ್ರಾಂತಗಳ ಶಾಸನಸಭೆಗಳು ಒಪ್ಪಿದ ಮಸೂದೆಗೆ ಗವರ್ನರನು "ತನ್ನ ವಿವೇಚನೆಯಂತೆ" ಒಪ್ಪಿಗೆ ಕೊಡಬಹುದು, ತಡೆಯಬಹುದು, ಗವರ್ನರ್ ಜನರಲನಿಗಾಗಿ ಕಾದಿರಿಸಬಹುದು ಎಂದು ವಿಧಿಸಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ಪ್ರತಿನಿಧಿಗಳು ಮುಂಬಯಿಯ ಗವರ್ನರನ ಮುಖವನ್ನೂ, ಮಂಗಳೂರು, ಬಳ್ಳಾರಿಗಳವರು ಮದರಾಸಿನ ಗವರ್ನರನ ಮುಖವನ್ನೂ ನೋಡಬೇಕಾಗಿತ್ತು. ಮೈಸೂರಿನಲ್ಲಿ 1881ರಿಂದ ಪ್ರಜಾಪ್ರತಿನಿಧಿಸಭೆಯೂ 1907ರಿಂದ ನ್ಯಾಯವಿಧಾಯಕಸಭೆಯೂ ಇದ್ದವು. ಆದರೂ ಮಹಾರಾಜರ ಒಪ್ಪಿಗೆಯಿಲ್ಲದೆ ಅಲ್ಲಿ ಕಾಯಿದೆಯಿಲ್ಲ. ಪರಕೀಯನ ಆಳ್ವಿಕೆಯಲ್ಲಿ ಇದು ಸಹಜವೇ ಆಗಿತ್ತು. ಏಕೆಂದರೆ ಆ ಗವರ್ನರನು ನಮಗೆ ಉತ್ತರ ಹೇಳಬೇಕಾದವನಾಗಿರಲಿಲ್ಲ.

ಸ್ವತಂತ್ರ ಭಾರತದ ರಾಜ್ಯಘಟನೆಯನ್ನು ರಚಿಸಿದ ಹಿರಿಯರು ಈ ಕಲಮನ್ನು ತೆಗೆದುಕೊಂಡಾಗ "ತನ್ನ ವಿವೇಚನೆಯಂತೆ" ಎಂಬ ಮಾತನ್ನು ಕಿತ್ತುಹಾಕಿದರು. ಇದು ಸಣ್ಣ ಬದಲಾವಣೆಯಲ್ಲ. ರಾಜ್ಯಪಾಲನು ಮಂತ್ರಿಮಂಡಲದ ಸಲಹೆಯಂತೆ ನಡೆಯತಕ್ಕವನು, ತಾನೇ ಒಂದು ಎರಡನೆಯ ಸರಕಾರವಲ್ಲ ಎಂಬ ತತ್ತ್ವವು ಅದರಲ್ಲಿ ಅಡಗಿದೆ. 1974ರಲ್ಲಿ ಶಂಶೇರ್ ಸಿಂಗರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ಜನ ನ್ಯಾಯಮೂರ್ತಿಗಳ ಪೀಠವು ಈ ತತ್ತ್ವವನ್ನೇ ಎತ್ತಿಹಿಡಿದಿತು. ಆದರೆ ಒಂದು ಹಾವನ್ನು ಹೊರಹಾಕಿದ ಆ ಸಭೆಯು ಇನ್ನೊಂದು ಬಿಲವನ್ನು ಮುಚ್ಚದೆ ಬಿಟ್ಟಿತೆಂದು ನಮಗೆ ತೋರುವದು. ಪಾರ್ಲಿಮೆಂಟಿನ ಮಸೂದೆಯನ್ನು ರಾಷ್ಟ್ರಪತಿಗಳು ತಿರುಗಿ ಕಳುಹಬೇಕಾದರೆ "ಆರು ವಾರಗಳೊಳಗಾಗಿ" ಕಳುಹತಕ್ಕದ್ದೆಂದು ಮೊದಲಿನ ಕರಡಿನಲ್ಲಿತ್ತು. 1949ರಲ್ಲಿ ಡಾಕ್ಟರ್ ಅಂಬೇಡಕರರು ಅದರ ಬದಲು "ಸಾಧ್ಯವಾದಷ್ಟು ಬೇಗನೆ" ಎಂಬ ಮಾತನ್ನು ಸೂಚಿಸಿದರು. ಆರು ವಾರಗಳೇ ಏಕೆ, ಆರು ದಿನಗಳಲ್ಲಿಯೇ ಆಗಲಿ ಎಂಬ ಒಳ್ಳೆಯ ಅರ್ಥದಲ್ಲಿ ಅದನ್ನು ಓದಬಹುದು. ಆದರೆ ಮಂಗಳೂರಿನಲ್ಲಿ ಹುಟ್ಟಿ ಮಧ್ಯಪ್ರಾಂತದಿಂದ ಆ ಸಭೆಗೆ ಬಂದಿದ್ದ ಶ್ರೀ ಹರಿ ವಿಷ್ಣು ಕಾಮತರು ಆಗಲೇ ಎದ್ದು ನಿಂತು, ಇಂಥ ಅಸ್ಪಷ್ಟ ಮಾತು ಬೇಡ, ಖಚಿತವಾದ ಅವಧಿಯೇ ಇರಲೆಂದು ವಾದಿಸಿದರು. ಸಭೆಯು ಅವರ ಮಾತನ್ನು ಒಪ್ಪಲಿಲ್ಲ. ರಾಜ್ಯಪಾಲರ ಕಲಮಿನಲ್ಲಿಯೂ "ಸಾಧ್ಯವಾದಷ್ಟು ಬೇಗನೆ" ಎಂಬ ಮಾತೇ ನಿಂತಿತು.

200ನೆಯ ಕಲಮು ಹೇಳುವದೇನು? ಮಸೂದೆಯು ಬಂದಾಗ ರಾಜ್ಯಪಾಲರು ಅಂಕಿತ ಹಾಕಬಹುದು, ಅಂಕಿತವನ್ನು ತಡೆಹಿಡಿಯಬಹುದು, ಅಥವಾ ರಾಷ್ಟ್ರಪತಿಗಳ ವಿಚಾರಕ್ಕೆಂದು ಕಾದಿರಿಸಬಹುದು. ಹಣದ ಮಸೂದೆಯಲ್ಲದಿದ್ದರೆ ಪುನರ್ವಿಚಾರ ಮಾಡಿರೆಂದು ಸಂದೇಶದೊಡನೆ ಸಭೆಗೆ ಹಿಂದಿರುಗಿಸಬಹುದು. ಸಭೆಯು ಅದನ್ನು ತಿದ್ದಿಯಾಗಲಿ ತಿದ್ದದೆಯಾಗಲಿ ಮತ್ತೊಮ್ಮೆ ಒಪ್ಪಿದರೆ ಆಗ ಅವರು ಅಂಕಿತವನ್ನು ತಡೆಯಕೂಡದು. ಕೊನೆಯ ಮಾತು ಸಭೆಯದೇ ಎಂಬದು ಇದರಿಂದ ಸ್ಪಷ್ಟವಾಗಿದೆ. ಆದರೆ ಕಾದಿರಿಸಿದ ಮಸೂದೆಯ ಕಥೆ ಬೇರೆ. 201ನೆಯ ಕಲಮಿನ ಪ್ರಕಾರ ರಾಷ್ಟ್ರಪತಿಗಳು ಅದನ್ನು ಸಭೆಗೆ ತಿರುಗಿ ಕಳುಹಿಸಿದರೆ ಸಭೆಯು ಆರು ತಿಂಗಳೊಳಗಾಗಿ ಅದನ್ನು ಪುನರ್ವಿಚಾರ ಮಾಡಲೇಬೇಕು. ಮತ್ತೆ ಒಪ್ಪಿ ಕಳುಹಿಸಿದ ಮೇಲೆಯೂ ರಾಷ್ಟ್ರಪತಿಗಳು ಅಂಕಿತ ಹಾಕಲೇಬೇಕೆಂಬ ನಿರ್ಬಂಧವಿಲ್ಲ, ಹಾಕುವದಕ್ಕೆ ಗಡುವೂ ಇಲ್ಲ. ವಾಚಕರು ಇದನ್ನು ಚೆನ್ನಾಗಿ ಲಕ್ಷಿಸಬೇಕು. ಲಕ್ಷಾಂತರ ಜನರಿಂದ ಆಯ್ಕೆಯಾದ ಸಭೆಗೆ ಆರು ತಿಂಗಳ ಗಡುವನ್ನು ಬರೆದ ಲೇಖನಿಯೇ, ಅಂಕಿತ ಹಾಕುವ ಒಬ್ಬರಿಗೆ ಒಂದು ದಿನದ ಗಡುವನ್ನೂ ಬರೆಯಲಿಲ್ಲ!

ಇಷ್ಟರಿಂದ ಅಂಕಿತದ ಅಧಿಕಾರವೇ ಬೇಡವೆಂದು ನಾವು ಹೇಳುವೆವೆಂದು ಯಾರೂ ತಿಳಿಯಬಾರದು. ಸರಿಯಾಗಿ ಬಳಸಿದಾಗ ಅದರಿಂದ ಒಳಿತಾದ ಉದಾಹರಣೆಗಳು ನಮ್ಮ ಚರಿತ್ರೆಯಲ್ಲಿಯೇ ಇವೆ. 1954ರಲ್ಲಿ ಪೆಪ್ಸು ರಾಜ್ಯದ ಖರ್ಚಿನ ಮಸೂದೆಯನ್ನು ಪಾರ್ಲಿಮೆಂಟು ಒಪ್ಪಿತು. ಅದು ರಾಷ್ಟ್ರಪತಿಗಳ ಬಳಿಗೆ ಬರುವಷ್ಟರಲ್ಲಿ ಆ ರಾಜ್ಯದ ಮೇಲಿನ ರಾಷ್ಟ್ರಪತಿ ಆಳ್ವಿಕೆಯು ಮುಗಿದು ಪಾರ್ಲಿಮೆಂಟಿಗೆ ಆ ಅಧಿಕಾರವೇ ಉಳಿದಿರಲಿಲ್ಲ. ರಾಜೇಂದ್ರಪ್ರಸಾದರು ಅಂಕಿತ ಹಾಕಲಿಲ್ಲ. ಅದು ಸರಿಯಾದ ಕ್ರಮವೇ ಆಗಿತ್ತು. ಕೇರಳದ ಶಿಕ್ಷಣ ಮಸೂದೆಯನ್ನು ಅಲ್ಲಿಯ ರಾಜ್ಯಪಾಲರು ಕಾದಿರಿಸಿದಾಗ ರಾಷ್ಟ್ರಪತಿಗಳು ಅದರ ಬಗ್ಗೆ ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯವನ್ನು ಬಹಿರಂಗವಾಗಿ ಕೇಳಿದರು. 1958ರಲ್ಲಿ ಅಭಿಪ್ರಾಯವು ಬಂದಿತು, ಸಭೆಯು ಮಸೂದೆಯನ್ನು ತಿದ್ದಿತು, 1959ರಲ್ಲಿ ಅದು ಕಾಯಿದೆಯಾಯಿತು. ನಮ್ಮ ಕರ್ನಾಟಕದಲ್ಲಿಯೇ, ಮೀಸಲಾತಿಯಿಂದ ಬಡತಿ ಪಡೆದ ಸರಕಾರೀ ನೌಕರರ ಜ್ಯೇಷ್ಠತೆಯ ಮಸೂದೆಯನ್ನು 2017ರಲ್ಲಿ ರಾಜ್ಯಪಾಲರು ಕಾದಿರಿಸಿದರು. 2018ರ ಜೂನಿನಲ್ಲಿ ರಾಷ್ಟ್ರಪತಿಗಳ ಅಂಕಿತವು ಬಿದ್ದಿತು. 2019ರಲ್ಲಿ ನ್ಯಾಯಾಲಯವು ಆ ಕಾಯಿದೆಯನ್ನು ಎತ್ತಿಹಿಡಿದಿತು. ಲಾಭದ ಹುದ್ದೆಗಳ ಮಸೂದೆಯನ್ನು 2006ರ ಮೇ ತಿಂಗಳಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಮರು ತಿರುಗಿ ಕಳುಹಿಸಿದರು. ಪಾರ್ಲಿಮೆಂಟು ಅದನ್ನು ಹಾಗೆಯೇ ಮತ್ತೊಮ್ಮೆ ಒಪ್ಪಿತು. ಆಗಸ್ಟಿನಲ್ಲಿ ಅವರು ಅಂಕಿತ ಹಾಕಿದರು. ತಮ್ಮ ಆಕ್ಷೇಪವನ್ನು ದೇಶಕ್ಕೆ ತಿಳಿಸಿದರು, ಸಭೆಯ ಕೊನೆಯ ಮಾತನ್ನೂ ಮನ್ನಿಸಿದರು. ಈ ಎಲ್ಲ ಪ್ರಸಂಗಗಳಲ್ಲಿಯೂ ಒಂದು ಸಮಾನ ಗುಣವುಂಟು: ಯಾರು ಏನು ನಿರ್ಣಯಿಸಿದರೆಂಬದು ಜನರಿಗೆ ತಿಳಿಯಿತು, ನಿರ್ಣಯಕ್ಕೆ ಒಂದು ಕೊನೆಯಿತ್ತು.

ಇದರ ಎದುರಿಗೆ ಮೌನದ ಕಥೆಯನ್ನಿಟ್ಟು ನೋಡೋಣ. ತಮಿಳುನಾಡಿನ ಸಭೆಯು 2020ರಿಂದ 2023ರ ಏಪ್ರಿಲ್ ವರೆಗೆ ಒಪ್ಪಿದ ಹನ್ನೆರಡು ಮಸೂದೆಗಳು ಅಲ್ಲಿಯ ರಾಜಭವನದಲ್ಲಿ ನಿಂತುಬಿಟ್ಟವು. ಅವುಗಳಲ್ಲಿ ಬಹುತೇಕ ವಿಶ್ವವಿದ್ಯಾಲಯಗಳ ಕುಲಪತಿಗಳ ನೇಮಕಕ್ಕೆ ಸಂಬಂಧಿಸಿದವು. ಸರಕಾರವು ನ್ಯಾಯಾಲಯದ ಕದವನ್ನು ತಟ್ಟಿ, ನ್ಯಾಯಾಲಯವು ನೋಟೀಸು ಕೊಟ್ಟ ಬಳಿಕ, 2023ರ ನವೆಂಬರ್ 13ರಂದು ರಾಜ್ಯಪಾಲರು ಹತ್ತು ಮಸೂದೆಗಳ ಅಂಕಿತವನ್ನು ತಡೆದರು. ನವೆಂಬರ್ 18ರಂದು ಸಭೆಯು ಅವನ್ನೇ ಮತ್ತೊಮ್ಮೆ ಒಪ್ಪಿತು. ಇನ್ನು ಅಂಕಿತ ಹಾಕಲೇಬೇಕಾದ ವೇಳೆಯಲ್ಲಿ ಹತ್ತನ್ನೂ ನವೆಂಬರ್ 28ರಂದು ರಾಷ್ಟ್ರಪತಿಗಳಿಗಾಗಿ ಕಾದಿರಿಸಲಾಯಿತು! ಪಂಜಾಬದಲ್ಲಿ 2023ರ ಜೂನಿನ ಅಧಿವೇಶನವೇ ಕ್ರಮಬದ್ಧವಲ್ಲವೆಂದು ಹೇಳಿ ರಾಜ್ಯಪಾಲರು ಮಸೂದೆಗಳನ್ನು ಹಿಡಿದಿಟ್ಟರು. ಕೇರಳದ ಮಸೂದೆಗಳದೂ ಇದೇ ಪಾಡಾಯಿತು. "ದೇವರು ಕೊಟ್ಟರೂ ಪೂಜಾರಿ ಕೊಡ" ಎಂಬ ಗಾದೆಯನ್ನು ನಮ್ಮ ಜನರು ಸುಮ್ಮನೆ ಕಟ್ಟಲಿಲ್ಲ. ಪ್ರಜಾಪ್ರಭುತ್ವದಲ್ಲಿ ಪ್ರಜೆಯೇ ಪ್ರಭುವಾದರೆ ಅವನು ಕೊಟ್ಟ ವರವನ್ನು ತಡೆದು ಕೂಡ್ರುವ ಪೂಜಾರಿಗೆ ಏನೆನ್ನಬೇಕು?

ನಿರಾಕರಣೆಗಿಂತ ಮೌನವು ಕೆಟ್ಟದ್ದೆಂದು ನಾವು ಹೇಳುವದಕ್ಕೆ ಕಾರಣವುಂಟು. ಇಲ್ಲವೆಂದವರಿಗೆ ಎದುರುತ್ತರ ಕೊಡಬಹುದು, ಮಸೂದೆಯನ್ನು ತಿದ್ದಬಹುದು, ತಿದ್ದದೆ ಮತ್ತೊಮ್ಮೆ ಒಪ್ಪಿ ಕಳುಹಬಹುದು, ಚುನಾವಣೆಯಲ್ಲಿ ಜನರ ಮುಂದಿಡಬಹುದು. ಸುಮ್ಮನಿದ್ದವರಿಗೆ ಏನು ಉತ್ತರ ಹೇಳುವದು? ಆಕ್ಷೇಪ ಯಾವದೆಂದೇ ತಿಳಿಯದಿರುವಾಗ ತಿದ್ದುವದೇನನ್ನು? ಶಾಸನಸಭೆಯ ಆಯುಷ್ಯವು ಐದೇ ವರ್ಷ. ಅದರಲ್ಲಿ ಮೂರು ವರ್ಷ ಮಸೂದೆಯು ಕಪಾಟಿನಲ್ಲಿ ಕುಳಿತರೆ, ಅದನ್ನು ಮಾಡುವೆವೆಂದು ಮತ ಕೇಳಿದವರೂ ಅದಕ್ಕಾಗಿ ಮತ ಕೊಟ್ಟವರೂ ಇಬ್ಬರೂ ಮೋಸಹೋದಂತೆಯೇ ಸರಿ. ಜನರು ಮಾತ್ರ ದೂರುವದು ಸರಕಾರವನ್ನೇ. ನಿಜವಾಗಿ ತಡೆದವರಾರೆಂಬದು ಅವರಿಗೆ ಕಾಣುವದಿಲ್ಲ.

ಮೌನದಿಂದಲೂ ಒಮ್ಮೆ ಒಳಿತಾಗಲಿಲ್ಲವೆ ಎಂದು ಕೆಲವರು ಕೇಳುವರು. ಅವರ ಮಾತಿನಲ್ಲಿ ಸತ್ಯವಿದೆ. 1986ರಲ್ಲಿ ಪಾರ್ಲಿಮೆಂಟು ಒಪ್ಪಿದ ಅಂಚೆ ತಿದ್ದುಪಡಿಯ ಮಸೂದೆಯು ಜನರ ಖಾಸಗಿ ಪತ್ರಗಳನ್ನು ತಡೆದು ಒಡೆಯುವ ವಿಶಾಲ ಅಧಿಕಾರವನ್ನು ಸರಕಾರಕ್ಕೆ ಕೊಡುವಂತಿತ್ತು. ರಾಷ್ಟ್ರಪತಿ ಜೈಲ್ ಸಿಂಗರು ಅದಕ್ಕೆ ಅಂಕಿತವನ್ನೂ ಹಾಕದೆ, ತಿರುಗಿಯೂ ಕಳುಹದೆ 1987ರಲ್ಲಿ ನಿವೃತ್ತರಾದರು. ಆ ಮಸೂದೆಯು ಎಂದೂ ಕಾಯಿದೆಯಾಗಲಿಲ್ಲ. ದೇಶವು ಆಗ ನೆಮ್ಮದಿಯ ಉಸಿರು ಬಿಟ್ಟದ್ದು ನಿಜ. ತಿರುಗಿ ಕಳುಹಿಸಿದ್ದರೆ ಭಾರಿ ಬಹುಮತದ ಸರಕಾರವು ಮತ್ತೆ ಒಪ್ಪಿ ಕಳುಹಿಸುತ್ತಿತ್ತು, ಆಗ ಅವರ ಕೈ ಕಟ್ಟಿದಂತಾಗುತ್ತಿತ್ತು ಎಂಬ ವಾದವನ್ನೂ ನಾವು ಅಲ್ಲಗಳೆಯುವದಿಲ್ಲ. ಆದರೆ ಒಳ್ಳೆಯ ಮನುಷ್ಯನ ಕೈಯಲ್ಲಿ ಒಮ್ಮೆ ಒಳಿತನ್ನು ಮಾಡಿದ ಆಯುಧವು ಎಲ್ಲರ ಕೈಯಲ್ಲಿಯೂ ಹಾಗೆಯೇ ಮಾಡೀತೆ? ಇಂದು ಕೆಟ್ಟ ಮಸೂದೆಯನ್ನು ತಡೆಯುವ ಮೌನವೇ ನಾಳೆ ಒಳ್ಳೆಯ ಮಸೂದೆಯನ್ನು ತಡೆಯುವದು. ಎರಡಕ್ಕೂ ಕಾರಣವನ್ನು ಹೇಳುವದಿಲ್ಲ. ಪ್ರಜೆಗಳ ಹಕ್ಕಿಗೆ ವಿರುದ್ಧವಾದ ಕಾಯಿದೆಯನ್ನು ಹೊಡೆದುಹಾಕಲು ನ್ಯಾಯಾಲಯಗಳಿವೆ, ಲೋಕಮತವಿದೆ, ಪತ್ರಿಕೆಗಳಿವೆ. ಒಬ್ಬ ವ್ಯಕ್ತಿಯ ಔದಾರ್ಯವನ್ನು ನಂಬಿ ರಾಜ್ಯವನ್ನು ಕಟ್ಟುವದು ಅರಸೊತ್ತಿಗೆಗೆ ಒಪ್ಪುವ ಮಾತು, ಪ್ರಜಾರಾಜ್ಯಕ್ಕೆ ಒಪ್ಪುವದಲ್ಲ.

ಇನ್ನು ನ್ಯಾಯಾಲಯವು ಕೊಟ್ಟ ಉತ್ತರಗಳನ್ನು ನೋಡುವ. 2025ರ ಏಪ್ರಿಲ್ 8ರಂದು ನ್ಯಾಯಮೂರ್ತಿ ಪಾರ್ದೀವಾಲಾ ಮತ್ತು ಮಹಾದೇವನ್ ಇವರ ಪೀಠವು ತಮಿಳುನಾಡಿನ ಹತ್ತು ಮಸೂದೆಗಳನ್ನು ಕಾದಿರಿಸಿದ್ದು ಅಕ್ರಮವೆಂದಿತು. ಅವಕ್ಕೆ ಅಂಕಿತ ಬಿದ್ದಂತೆಯೇ ಎಂದು ಘೋಷಿಸಿತು. ರಾಜ್ಯಪಾಲರಿಗೆ ಸಂದರ್ಭಾನುಸಾರ ಒಂದರಿಂದ ಮೂರು ತಿಂಗಳು, ರಾಷ್ಟ್ರಪತಿಗಳಿಗೆ ಮೂರು ತಿಂಗಳು ಎಂದು ಅವಧಿಯನ್ನೂ ಗೊತ್ತುಪಡಿಸಿತು. ಮೇ 13ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು 143ನೆಯ ಕಲಮಿನಡಿಯಲ್ಲಿ ಹದಿನಾಲ್ಕು ಪ್ರಶ್ನೆಗಳನ್ನು ನ್ಯಾಯಾಲಯದ ಅಭಿಪ್ರಾಯಕ್ಕೆ ಕಳುಹಿದರು. ಮುಖ್ಯ ನ್ಯಾಯಮೂರ್ತಿ ಗವಾಯಿಯವರ ನೇತೃತ್ವದ ಐದು ಜನರ ಪೀಠವು ನವೆಂಬರ್ 20ರಂದು ಉತ್ತರ ಹೇಳಿತು. ರಾಜ್ಯಘಟನೆಯಲ್ಲಿ ಬರೆಯದ ಗಡುವನ್ನು ನ್ಯಾಯಾಲಯವು ಹಾಕಲಾರದು. ಅಂಕಿತ ಬಿದ್ದಂತೆಯೇ ಎಂದು ಭಾವಿಸುವ ಕ್ರಮವೂ ಸಲ್ಲದು. ಆದರೆ ರಾಜ್ಯಪಾಲರು ಮಸೂದೆಯನ್ನು ಹಿಂದಿರುಗಿಸದೆ ಬರಿದೇ ತಡೆಹಿಡಿಯಕೂಡದು. ಕಾರಣವಿಲ್ಲದೆ ಬಹುಕಾಲ ಸುಮ್ಮನಿದ್ದರೆ, ಮಸೂದೆಯ ಗುಣದೋಷಗಳಿಗೆ ಕೈಹಾಕದೆ, ತೀರ್ಮಾನ ಕೊಡಿರೆಂದು ನ್ಯಾಯಾಲಯವು ಆಜ್ಞಾಪಿಸಬಹುದು. ಇದು ಅಭಿಪ್ರಾಯದ ಸಾರ.

ನ್ಯಾಯಾಲಯವು ತಾನೇ ಶಾಸಕನಾಗಲು ಒಲ್ಲೆನೆಂದುದನ್ನು ನಾವು ಹಳಿಯುವದಿಲ್ಲ. ಬರೆಯದ್ದನ್ನು ಓದುವದು ನ್ಯಾಯಾಧೀಶರ ಕೆಲಸವಲ್ಲವೆಂಬದು ಗೌರವಾರ್ಹವಾದ ಮಾತೇ. ಆದರೆ "ಬಹುಕಾಲ" ಎಂದರೆ ಎಷ್ಟು ಕಾಲ? ಪ್ರತಿಯೊಂದು ರಾಜ್ಯವೂ ಪ್ರತಿಯೊಂದು ಮಸೂದೆಗಾಗಿ ದಿಲ್ಲಿಗೆ ಹೋಗಿ ವಕೀಲರನ್ನು ಹಿಡಿದು ಈ ಪ್ರಶ್ನೆಯನ್ನು ಕೇಳಬೇಕೆ? ನ್ಯಾಯಾಲಯವು ರೋಗವನ್ನು ಗುರುತಿಸಿ, ಔಷಧವು ತನ್ನ ಪೆಟ್ಟಿಗೆಯಲ್ಲಿಲ್ಲವೆಂದಿದೆ. ಔಷಧವಿರುವದು ಪಾರ್ಲಿಮೆಂಟಿನ ಕೈಯಲ್ಲಿ. ಬರೆದಿಲ್ಲವೆಂಬದೇ ಕೊರತೆಯಾದರೆ ಬರೆಯುವದೇ ಅದಕ್ಕೆ ಪರಿಹಾರ.

ಆದುದರಿಂದ ನಮ್ಮ ಬೇಡಿಕೆಯು ಸರಳವಾಗಿದೆ. 200 ಮತ್ತು 201ನೆಯ ಕಲಮುಗಳಿಗೆ ತಿದ್ದುಪಡಿಯಾಗಲಿ. ಅಂಕಿತ, ಹಿಂದಿರುಗಿಸುವಿಕೆ, ಕಾದಿರಿಸುವಿಕೆ, ಇವುಗಳಲ್ಲಿ ಯಾವದನ್ನಾದರೂ ಮೂರು ತಿಂಗಳೊಳಗಾಗಿ ಮಾಡತಕ್ಕದ್ದೆಂದೂ, ಹಿಂದಿರುಗಿಸಿದರೆ ಅಥವಾ ಕಾದಿರಿಸಿದರೆ ಕಾರಣಗಳನ್ನು ಪ್ರಕಟಿಸತಕ್ಕದ್ದೆಂದೂ, ಅವಧಿಯು ಮೀರಿದರೆ ಮಸೂದೆಯು ತಾನಾಗಿಯೇ ಕಾಯಿದೆಯಾಗುವದೆಂದೂ ಅಲ್ಲಿ ಬರೆಯಲಿ. ಇದು ಅಪೂರ್ವವಾದ ಕಲ್ಪನೆಯೇನೂ ಅಲ್ಲ. ಅಮೇರಿಕೆಯ ರಾಜ್ಯಘಟನೆಯಲ್ಲಿ, ಆದಿತ್ಯವಾರಗಳನ್ನು ಬಿಟ್ಟು ಹತ್ತು ದಿನಗಳೊಳಗಾಗಿ ಅಧ್ಯಕ್ಷನು ಮಸೂದೆಯನ್ನು ಹಿಂದಿರುಗಿಸದಿದ್ದರೆ, ಕಾಂಗ್ರೆಸ್ ಸಭೆಯು ವಿಸರ್ಜನೆಗೊಂಡು ಹಿಂದಿರುಗಿಸಲು ಎಡೆಯಿಲ್ಲದ ಸಂದರ್ಭವನ್ನುಳಿದು, ಅದು ಕಾಯಿದೆಯಾಗಿಬಿಡುವದು. ನಮ್ಮಲ್ಲಿಯೂ ಕೇಂದ್ರ ಮತ್ತು ರಾಜ್ಯಗಳ ಸಂಬಂಧವನ್ನು ವಿಚಾರಿಸಿದ ಪೂಂಛಿ ಆಯೋಗವು 2010ರಲ್ಲಿ ರಾಜ್ಯಪಾಲರಿಗೆ ಆರು ತಿಂಗಳ ಅವಧಿಯನ್ನು ಸೂಚಿಸಿತ್ತು. ಕಾದಿರಿಸಿದ ಮಸೂದೆಗಳನ್ನು ಮೂರು ತಿಂಗಳಲ್ಲಿ ತೀರ್ಮಾನಿಸಬೇಕೆಂದು ಕೇಂದ್ರದ ಗೃಹಖಾತೆಯೇ 2016ರಲ್ಲಿ ಸೂಚನೆ ಹೊರಡಿಸಿತ್ತು. ತಾನೇ ಬರೆದ ಸೂಚನೆಯನ್ನು ಕಲಮಿಗೆ ಏರಿಸಲು ಸರಕಾರಕ್ಕೆ ಅಡ್ಡಿಯೇನು? ರಾಷ್ಟ್ರಪತಿಯ ಕೈಯನ್ನು ಕಟ್ಟಿದಂತಾಗುವದೆಂಬ ಆಕ್ಷೇಪವೂ ನಿಲ್ಲದು. ರಾಜ್ಯಘಟನೆಯ ತಿದ್ದುಪಡಿಯ ಮಸೂದೆಗೆ ರಾಷ್ಟ್ರಪತಿಯು ಅಂಕಿತ ಹಾಕಲೇಬೇಕೆಂದು 1971ರಲ್ಲಿ 24ನೆಯ ತಿದ್ದುಪಡಿಯಿಂದ ಪಾರ್ಲಿಮೆಂಟು ವಿಧಿಸಿಲ್ಲವೆ? ದೊಡ್ಡದಕ್ಕೆ ಹಾಕಿದ ಕಟ್ಟು ಸಣ್ಣದಕ್ಕೆ ಭಾರವಾಗದು.

ಶಾಸನಸಭೆಗಳು ಅವಸರದಿಂದ, ಒಂದೊಂದು ವೇಳೆ ಅರ್ಧ ದಿನದ ಚರ್ಚೆಯೂ ಇಲ್ಲದೆ, ಮಸೂದೆಗಳನ್ನು ಒಪ್ಪುವವಲ್ಲ ಎಂದು ಕೆಲವರು ಹೇಳುವರು. ಇದು ನಿಜವಾದ ದೂರು; ನಮ್ಮ ವಿಧಾನಸೌಧವೂ ಇದಕ್ಕೆ ಹೊರತಲ್ಲ. ಆದರೆ ಅವಸರಕ್ಕೆ ಪ್ರತೀಕಾರವು ವಿಚಾರವೇ ಹೊರತು ವಿಳಂಬವಲ್ಲ. ರಾಜ್ಯಪಾಲರು ದೋಷವನ್ನು ಕಂಡರೆ ಒಂದು ತಿಂಗಳಲ್ಲಿಯೇ ಅದನ್ನು ಬರೆದು ಕಳುಹಿಸಲಿ. ಸಭೆಯು ನಾಚಿ ತಿದ್ದಿಕೊಂಡೀತು. ಹಾಗೆ ಬರೆದ ಒಂದು ಪುಟದ ಸಂದೇಶವು ಮೂರು ವರ್ಷದ ಮೌನಕ್ಕಿಂತ ಹೆಚ್ಚಿನ ಕೆಲಸವನ್ನು ಮಾಡುವದು.

ಇದು ಒಂದು ಪಕ್ಷದ ಪರವಾದ ಮಾತೂ ಅಲ್ಲ. ರಾಜ್ಯಪಾಲರನ್ನು ನೇಮಿಸುವದೂ ತೆಗೆಯುವದೂ ದಿಲ್ಲಿಯ ಸರಕಾರದ ಸಲಹೆಯಿಂದಲೇ. ದಿಲ್ಲಿಯಲ್ಲಿ ಒಂದು ಪಕ್ಷ, ರಾಜ್ಯದಲ್ಲಿ ಇನ್ನೊಂದು ಪಕ್ಷವಿದ್ದಾಗ ರಾಜಭವನವು ಜಗಳದ ಅಂಗಳವಾಗುವದನ್ನು ಎಲ್ಲ ಪಕ್ಷಗಳ ಕಾಲದಲ್ಲಿಯೂ ದೇಶವು ಕಂಡಿದೆ. ಇಂದು ದಿಲ್ಲಿಯಲ್ಲಿರುವವರು ನಾಳೆ ರಾಜ್ಯದಲ್ಲಿ ಮಾತ್ರ ಉಳಿದಾರು. ಆಗ ಈ ಮೌನದ ಬಿಸಿಯು ಅವರಿಗೇ ತಟ್ಟುವದು. ಇದನ್ನರಿತ ಪಕ್ಷಗಳೆಲ್ಲ ಕೂಡಿ ತಿದ್ದುಪಡಿಗೆ ಬೇಕಾದ ವಿಶೇಷ ಬಹುಮತವನ್ನು ಒದಗಿಸುವದು ಬುದ್ಧಿವಂತಿಕೆಯ ಲಕ್ಷಣವಾಗುವದು.

ಕೊನೆಗೆ ನಮ್ಮ ವಾಚಕರಿಗೆ, ಮುಖ್ಯವಾಗಿ ಶಾಲೆಗಳಲ್ಲಿ ಪೌರನೀತಿಯನ್ನು ಕಲಿಸುವ ಉಪಾಧ್ಯಾಯರಿಗೆ ನಮ್ಮದೊಂದು ವಿನಂತಿ. "ಮಸೂದೆಯು ಸಭೆಯಲ್ಲಿ ಅಂಗೀಕಾರವಾಗಿ ರಾಜ್ಯಪಾಲರ ಅಂಕಿತದಿಂದ ಕಾಯಿದೆಯಾಗುತ್ತದೆ" ಎಂಬ ವಾಕ್ಯವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ ಮುಂದಿನ ಪಾಠಕ್ಕೆ ಹೋಗಬೇಡಿರಿ. "ಅಂಕಿತ ಬೀಳದಿದ್ದರೆ?" ಎಂದು ಮಕ್ಕಳನ್ನು ಕೇಳಿರಿ, ಅವರೇ ವಿಚಾರಿಸಿ ಉತ್ತರವನ್ನು ಹುಡುಕಲಿ. ಮತ ಕೇಳಲು ಬರುವ ಲೋಕಸಭೆಯ ಉಮೇದುವಾರರನ್ನೂ, 200ನೆಯ ಕಲಮಿಗೆ ಗಡುವನ್ನು ಬರೆಯಿಸುವಿರಾ ಎಂದು ನೀವು ಕೇಳಿರಿ. ಉಮೇದುವಾರರು ಆ ಪ್ರಶ್ನೆಗೆ ಮೌನವಾಗಿ ಕುಳಿತರೆ, ಆ ಮೌನದ ಅರ್ಥವೇನೆಂಬದನ್ನು ಮತದ ಪೆಟ್ಟಿಗೆಯ ಮುಂದೆ ತೀರ್ಮಾನಿಸುವ ಅಧಿಕಾರವು ನಿಮ್ಮದೇ ಆಗಿದೆ.